ಗುಳ್ಳ ಉರುಟಾಗಿ ಕಾಣಬೇಕಾದರೆ ನೆರಳಿನ ಅಂಚು ನೋಡಿಕೊಳ್ಳಿ

ವಾಟರ್ ಕಲರ್ ಕಲಿಯುವವರ ಹಣ್ಣು-ತರಕಾರಿ ಚಿತ್ರಗಳಲ್ಲಿ ಬಣ್ಣ ಸರಿ ಇರುತ್ತದೆ, ಆಕಾರವೂ ಸರಿ ಇರುತ್ತದೆ. ಆದರೂ ವಸ್ತು ಚಪ್ಪಟೆ! ಕೆಡುವುದು ನೆರಳಿನ ಅಂಚಿನಲ್ಲಿ. ಅಭ್ಯಾಸಕ್ಕೆ ಒಂದು ಮಟ್ಟುಗುಳ್ಳ, ಅಂದರೆ ಉಡುಪಿಯ ಮಟ್ಟು ಊರಿನ ಉರುಟು ಬದನೆ, ತನ್ನಿ. ಉರುಟು ಮೈ, ತಿಳಿಹಸಿರು ಬಣ್ಣ, ಒಳ್ಳೆಯ ಹೊಳಪು, ಇನ್ನೇನು ಬೇಕು?

ಕಿಟಕಿ ಪಕ್ಕ ಇಟ್ಟು ಟ್ಯೂಬ್‌ಲೈಟ್ ಆರಿಸಿ. ಬೆಳಕು ಒಂದೇ ಕಡೆಯಿಂದ ಬರಲಿ. ಕಾಗದ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪನೆಯದು) ಇರಲಿ. ಶಾಲೆಯ ಡ್ರಾಯಿಂಗ್ ಪುಸ್ತಕದ ಹಾಳೆ ಬೇಡವೇ ಬೇಡ, ಎರಡನೇ ಸಲ ಬ್ರಶ್ ಆಡಿಸುವಾಗ ಅದರ ಮೇಲ್ಮೈ ಕಿತ್ತು ಬರುತ್ತದೆ.

ಪೆನ್ಸಿಲಿನಲ್ಲಿ ತೆಳುವಾಗಿ ಆಕಾರ ಬರೆದು, ಹೊಳಪಿನ ಜಾಗವನ್ನೂ ಗುರುತಿಸಿ. ಅಲ್ಲಿ ಕಾಗದದ ಬಿಳಿಯೇ ಉಳಿಯಬೇಕು. ಉಳಿದ ಕಡೆ ಸ್ಯಾಪ್ ಗ್ರೀನನ್ನು ನೀರಾಗಿ ಬಳಿಯಿರಿ. ಹಸಿ ಇರುವಾಗಲೇ, ಹಿಂಡಿದ ಬ್ರಶ್‌ನಿಂದ ಗುಳ್ಳದ ಮೈಮೇಲಿನ ಬಿಳಿ ಗೆರೆಗಳಷ್ಟು ಬಣ್ಣ ಎತ್ತಿ. ಗೆರೆಗಳು ಮೈಯ ಜೊತೆ ಬಾಗಬೇಕು. ನೇರ ಎಳೆದರೆ ಉರುಟುತನ ಅಲ್ಲಿಗೇ ಹೋಯಿತು.

ಈಗ ಕಾಯಬೇಕು. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಂತೂ ಜಾಸ್ತಿ ಹೊತ್ತು. ಕಾಗದವನ್ನು ಓರೆಯಾಗಿ ಹಿಡಿದು ನೋಡಿ. ನೀರು ಮಿನುಗುತ್ತಿದ್ದರೆ ಮುಟ್ಟಬೇಡಿ, ನೆರಳಿನ ಬಣ್ಣ ಎಲ್ಲೆಂದರಲ್ಲಿ ಹರಡುತ್ತದೆ. ಅವಸರಕ್ಕೆ ಹೇರ್ ಡ್ರೈಯರ್ ಹಿಡಿದರೆ ಗಾಳಿಯೇ ಬಣ್ಣವನ್ನು ತಳ್ಳುತ್ತದೆ. ಮಿನುಗು ಹೋಗಿದೆ, ಬೆರಳಿನ ಹಿಂಬದಿಗೆ ಇನ್ನೂ ತಂಪು ತಾಗುತ್ತದೆ ಎಂದರೆ ಅದೇ ಸರಿಯಾದ ಹೊತ್ತು.

ಅದೇ ಹಸಿರನ್ನು ಗಟ್ಟಿಯಾಗಿ ಕಲಸಿ, ಚೂರು ಅಲಿಜರಿನ್ ಕ್ರಿಮ್ಸನ್ ಸೇರಿಸಿ. ಕೆಂಪು ಬಿದ್ದರೆ ಹಸಿರು ತಾನಾಗಿ ಮಂಕಾಗುತ್ತದೆ. ಟ್ಯೂಬಿನ ಕಪ್ಪು ಹಾಕಬೇಡಿ, ಗುಳ್ಳ ಕೊಳೆತಂತೆ ಕಾಣುತ್ತದೆ. ಬ್ರಶ್ ಅನ್ನು ಬಟ್ಟೆಗೆ ಒತ್ತಿಕೊಳ್ಳಿ. ಕಾಗದಕ್ಕಿಂತ ಬ್ರಶ್‌ನಲ್ಲಿ ನೀರು ಹೆಚ್ಚಿದ್ದರೆ ಹೂಕೋಸಿನಂಥ ಕಲೆ ಏಳುತ್ತದೆ. ಬೆಳಕಿಲ್ಲದ ಬದಿಯಲ್ಲಿ ನೆರಳನ್ನು ಬಾಗಿಸಿ ಹಚ್ಚಿ, ಆದರೆ ತೀರಾ ಅಂಚಿಗೆ ಹೋಗಬೇಡಿ. ಮೇಜಿನಿಂದ ತಿರುಗಿ ಬರುವ ಬೆಳಕಿಗೆ ಅಲ್ಲಿ ಸಣ್ಣ ಪಟ್ಟಿ ಬಿಡಿ. ಆಮೇಲೆ ಬ್ರಶ್ ತೊಳೆದು, ಹಿಂಡಿ, ನೆರಳು ಮತ್ತು ಬೆಳಕು ಸೇರುವ ಗೆರೆಯ ಮೇಲೆ ಒಂದೇ ಸಲ ಎಳೆಯಿರಿ. ಮತ್ತೆ ಮತ್ತೆ ತಿಕ್ಕುವುದರಿಂದಲೇ ಹೆಚ್ಚಿನ ಚಿತ್ರಗಳು ಹಾಳಾಗುವುದು. ಸಮಾಧಾನ ಆಗದಿದ್ದರೆ ಪೂರ್ತಿ ಒಣಗಿಸಿ, ನೀರು ಸವರಿ, ಇನ್ನೊಂದು ಪದರ ಹಾಕಿ.

ಮೇಜಿನ ಮೇಲೆ ಬೀಳುವ ನೆರಳಿಗೆ ಅಲ್ಟ್ರಾಮರೀನ್ ನೀಲಿ ಮತ್ತು ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಸಾಕು. ಗುಳ್ಳ ಮೇಜಿಗೆ ತಾಗುವಲ್ಲಿ ಗಾಢವಾಗಿರಲಿ, ದೂರ ಹೋದಂತೆ ತೆಳುವಾಗಲಿ. ತೊಟ್ಟಿನ ಮುಳ್ಳುಗಳು ಕೊನೆಗೆ, ಎಲ್ಲ ಒಣಗಿದ ಮೇಲೆ, ಬ್ರಶ್ ತುದಿಯಲ್ಲಿ.