ಎಫ್‌ಎ ಕಪ್‌ನ ಒಂದು ಋತುವನ್ನು ಅನುಸರಿಸುವ ಬಗೆ
ಇಂಗ್ಲೆಂಡಿನ ಫುಟ್‌ಬಾಲ್ ಪಂದ್ಯಾವಳಿಯಾದ ಎಫ್‌ಎ ಕಪ್‌ನ ಸೊಗಸು ತಿಳಿಯಬೇಕಾದರೆ, ಆಗಸ್ಟ್‌ನಲ್ಲಿ ಸಣ್ಣ ಕ್ಲಬ್‌ಗಳು ಆಡುವ ಅರ್ಹತಾ ಹಂತದಿಂದಲೇ ನೋಡಲು ಆರಂಭಿಸಿರಿ. ಅಗ್ರ ಎರಡು ಲೀಗ್‌ಗಳಾದ ಪ್ರೀಮಿಯರ್ ಲೀಗ್ ಮತ್ತು ಚಾಂಪಿಯನ್‌ಶಿಪ್‌ನ ತಂಡಗಳು ಕಣಕ್ಕಿಳಿಯುವುದು 64 ತಂಡಗಳ ಮೂರನೇ ಸುತ್ತಿನಲ್ಲಿ. ಪ್ರತಿ ಸುತ್ತಿಗೂ ಸಂಖ್ಯೆ ಬರೆದ ಚೆಂಡುಗಳನ್ನು ಎತ್ತಿ ಎದುರಾಳಿಗಳನ್ನು ಹೊಸದಾಗಿ ನಿರ್ಧರಿಸುವುದರಿಂದ, ಮುಂದಿನ ಹಾದಿಯನ್ನು ಊಹಿಸಲು ಹೋಗದೆ, ಯಾವ ಚೆಂಡು ಮೊದಲು ಬಂದಿತೆಂಬುದನ್ನು ಗಮನಿಸಿರಿ. ಕ್ವಾರ್ಟರ್ ಫೈನಲ್‌ವರೆಗೆ ತವರಿನ ಮೈದಾನ ಮೊದಲು ಬಂದ ಚೆಂಡಿನ ತಂಡದ್ದೇ.

2024-25ರಿಂದ ಮುಖ್ಯ ಸುತ್ತುಗಳಲ್ಲಿ ಮರುಪಂದ್ಯವಿಲ್ಲ. ಸಮಬಲವಾದರೆ ಹೆಚ್ಚುವರಿ ಸಮಯ, ಬಳಿಕ ಪೆನಾಲ್ಟಿ. ದೊಡ್ಡ ಮೈದಾನದಲ್ಲಿ ಮತ್ತೊಮ್ಮೆ ಆಡುವ ಅವಕಾಶ ಸಣ್ಣ ಕ್ಲಬ್‌ಗಳಿಗೆ ತಪ್ಪಿದ್ದು ನಷ್ಟವೆಂದೇ ನನ್ನ ಭಾವನೆ. ಆದರೂ ಅದೇ ಋತುವಿನಲ್ಲಿ ಚಾಂಪಿಯನ್‌ಶಿಪ್‌ನ ಪ್ಲಿಮತ್ ತಂಡವು ಪ್ರೀಮಿಯರ್ ಲೀಗ್‌ನ ಲಿವರ್‌ಪೂಲನ್ನು 1-0ರಿಂದ ಮಣಿಸಿತು; ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದ ಫೈನಲ್‌ನಲ್ಲಿ ಎಝೆ 16ನೇ ನಿಮಿಷದಲ್ಲಿ ಹೊಡೆದ ಗೋಲು ಮತ್ತು ಗೋಲ್‌ಕೀಪರ್ ಹೆಂಡರ್ಸನ್ ತಡೆದ ಪೆನಾಲ್ಟಿ ಕ್ರಿಸ್ಟಲ್ ಪ್ಯಾಲೇಸ್‌ಗೆ ಮೊತ್ತಮೊದಲ ಪ್ರಮುಖ ಪ್ರಶಸ್ತಿಯನ್ನು ತಂದುಕೊಟ್ಟವು.