ಹಾಲಿನ ಲೆಕ್ಕಕ್ಕೆ ನಾನೇ ಬರೆದ ಬಫರ್

"ಮಾರಾಯ, ಗೆಟ್‌ಲೈನ್ ಇರುವಾಗ ನಿಂಗ್ಯಾಕೆ ಈ ಉಸಾಬರಿ?" ನನ್ನ ಗೆಳೆಯ ಹೀಗೆ ಕೇಳಿದ್ದು ಒಂದು ಸಲ ಅಲ್ಲ. ಹಾಲಿನ ಸೊಸೈಟಿಗಳ ಲೆಕ್ಕ ಹಾಕುವ ಪ್ರೋಗ್ರಾಂ ಒಂದನ್ನು ಸಿ ಭಾಷೆಯಲ್ಲಿ ಬರೆಯುತ್ತಿದ್ದೆ. ಫೈಲ್‌ನಿಂದ ಸಾಲು ಓದಿಕೊಡಲು ಗೆಟ್‌ಲೈನ್ ಅನ್ನುವ ಸಿದ್ಧ ಫಂಕ್ಷನ್ ಇದ್ದರೂ, ಓದಿದ ಡೇಟಾ ತಾತ್ಕಾಲಿಕವಾಗಿ ಇಡುವ ಜಾಗವನ್ನು, ಅಂದರೆ ಬಫರನ್ನು, ನಾನೇ ನೋಡಿಕೊಳ್ಳುತ್ತಿದ್ದೆ. ಇನ್ನೊಬ್ಬ, ಪೈಥಾನ್‌ನಲ್ಲಾದರೆ ಹತ್ತು ಸಾಲಿನ ಕೆಲಸ ಅಂದ. ಮತ್ತೊಬ್ಬ, ಎಲ್ಲ ಡೇಟಾಬೇಸ್‌ಗೆ ಸುರಿದುಬಿಡು ಅಂದ. ಈಗ ಆ ಪ್ರೋಗ್ರಾಂ ದಿನಾ ರಾತ್ರಿ ಎರಡೂವರೆ ನಿಮಿಷಕ್ಕೆ ಕೆಲಸ ಮುಗಿಸುತ್ತದೆ. ಎಂಟು ತಿಂಗಳಾಯಿತು, ಲೆಕ್ಕದಲ್ಲಿ ಒಂದು ಪೈಸೆ ಆಚೀಚೆ ಆಗಿಲ್ಲ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ. ಸಿ ಬರೆಯುವವರಿಗಾಗಿ ಬರೆದದ್ದು ಇದು, ಸಾಲು ಓದುವ ಎಫ್‌ಗೆಟ್ಸ್ ಅಂದರೇನು ಅಂತ ಶುರು ಮಾಡಲ್ಲ.

ಕೆಲಸ ಇಷ್ಟೇ. ಸುಮಾರು 250 ಹಾಲಿನ ಸೊಸೈಟಿಗಳು. ಬೆಳಿಗ್ಗೆ, ಸಂಜೆ ಹಾಲು ಹಾಕಿದ ಪ್ರತಿಯೊಬ್ಬರಿಗೂ ತೂಕದ ಮಷಿನ್ ಒಂದೊಂದು ಸಾಲು ಬರೆಯುತ್ತದೆ. ಸೊಸೈಟಿ ನಂಬರ್, ತಾರೀಖು, ಹೊತ್ತು, ಸದಸ್ಯರ ನಂಬರ್, ಹೆಸರು, ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಫ್ಯಾಟ್ ಬಿಟ್ಟು ಉಳಿದ ಘನಾಂಶ), ದರ, ಕೊನೆಗೊಂದು ಷರಾ. ಹೀಗಿರುತ್ತದೆ:

0147,120319,ಬೆ,0032,ಚನ್ನಬಸಪ್ಪ,6.4,4.1,8.5,25.50,

ಎಂಟು ವರ್ಷದ್ದು ಸೇರಿಸಿದರೆ 12 ಕೋಟಿ ಸಾಲು, 11 ಜಿಬಿ. ಜಿಜಿಪ್‌ನಲ್ಲಿ ಕುಗ್ಗಿಸಿಟ್ಟಿದ್ದರಿಂದ ಡಿಸ್ಕ್‌ನಲ್ಲಿ ಒಂದೂಕಾಲು ಜಿಬಿ ಇತ್ತು. ಹಳೆಯ ದಾಖಲೆಗೆ ತಿದ್ದುಪಡಿ ಬರುತ್ತಲೇ ಇರುತ್ತದೆ, ಹಾಗಾಗಿ ದಿನಾ ರಾತ್ರಿ ಪೂರ್ತಿ ಲೆಕ್ಕ ಮೊದಲಿನಿಂದ ಓಡಬೇಕು. ಮಷಿನ್ ಕೋರ್ 2 ಡ್ಯುಯೊ, 2 ಜಿಬಿ ರ‍್ಯಾಮ್. ಹೊಸದು ತಗೊಳ್ಳಲ್ಲ ಅಂತ ಕೆಲಸ ಕೊಟ್ಟವರು ಮೊದಲೇ ಹೇಳಿದ್ದರು. ಮುಖ್ಯ ಸಂಗತಿ ಯುಪಿಎಸ್. ರಾತ್ರಿ ಕರೆಂಟ್ ಹೋದರೆ ಹದಿನೈದು ನಿಮಿಷ ನಿಲ್ಲುತ್ತೆ ಅಂತಿದ್ದರು, ನಾನು ಗಡಿಯಾರ ಹಿಡಿದು ನೋಡಿದರೆ ಐದೂ ಇಲ್ಲ. ಐದು ನಿಮಿಷದೊಳಗೆ ಮುಗಿದರೆ ಮಾತ್ರ ನನ್ನ ಕೆಲಸಕ್ಕೆ ಬೆಲೆ. ನಾನು ಹೇಳಿದ ರೇಟು 22 ಸಾವಿರ. ಒಂದು ವಾರದ ಕೆಲಸ ಅಂದುಕೊಂಡಿದ್ದೆ.

ಮೊದಲನೇ ವರ್ಷನ್ ಬಗ್ಗೆ ಹೇಳಲು ನಾಚಿಕೆ. ಎಫ್‌ಗೆಟ್‌ಸಿಯಲ್ಲಿ ಒಂದೊಂದೇ ಬೈಟ್, ಒಂದೊಂದು ಬೈಟಿಗೂ ಮೆಮೊರಿ ಹಿಗ್ಗಿಸುವ ರಿಯಾಲಕ್. 25 ನಿಮಿಷ ತಗೊಂಡಿತು. ಜೊತೆಗೆ ಬಂದ ಬೈಟನ್ನು ದೊಡ್ಡ ಸಂಖ್ಯೆ ಹಿಡಿಯುವ ಇಂಟ್ ಬದಲು ಒಂದೇ ಬೈಟಿನ ಕ್ಯಾರ್‌ನಲ್ಲಿ ಇಟ್ಟಿದ್ದೆ. ಒಂದು ಹಳೆಯ ಫೈಲ್‌ನಲ್ಲಿ ಎಲ್ಲೋ 255ರ ಬೈಟ್ ಸೇರಿಕೊಂಡಿತ್ತು. ಕ್ಯಾರ್‌ನಲ್ಲಿ ಅದು ಮೈನಸ್ 1, ಅಂದರೆ ಫೈಲ್ ಮುಗೀತು ಅಂತ ಅರ್ಥ. ಅಲ್ಲಿಂದ ಮುಂದಿನ ಮೂರು ವರ್ಷದ ಹಾಲು ಲೆಕ್ಕಕ್ಕೇ ಬರಲಿಲ್ಲ! ಹದಿನೈದು ವರ್ಷ ಸಿ ಬರೆದವನು ಮಾಡುವ ತಪ್ಪಾ ಇದು?

ಆಮೇಲೆ ಎಲ್ಲರ ಹಾಗೆ 256 ಬೈಟಿನ ಅರೇ, ಎಫ್‌ಗೆಟ್ಸ್, ಸಾಲಿನಿಂದ ಅಂಕಿ ಬಿಡಿಸಿಕೊಡುವ ಎಸ್‌ಸ್ಕ್ಯಾನ್‌ಎಫ್. ಒಂಬತ್ತು ನಿಮಿಷಕ್ಕೆ ಬಂತು. ಆದರೆ ಒಟ್ಟು ಮೊತ್ತ ತಾಳೆ ಆಗಲಿಲ್ಲ. ಕಾರಣ ಷರಾ. ಅಕ್ಷರಗಳನ್ನು ಬೈಟುಗಳಾಗಿ ಇಡುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್. ಚನ್ನಬಸಪ್ಪ ಅಂದರೆ ಬಾಯಲ್ಲಿ ಐದು ಅಕ್ಷರ, ಫೈಲ್‌ನಲ್ಲಿ 27 ಬೈಟ್. ಯಾರೋ ಕಾರ್ಯದರ್ಶಿ ಷರಾದಲ್ಲಿ ಎರಡು ವಾಕ್ಯ ಬರೆದರೆ 255 ದಾಟಿತು. ಎಫ್‌ಗೆಟ್ಸ್ ಅಲ್ಲಿಗೆ ಕತ್ತರಿಸಿ ಕೊಡುತ್ತದೆ, ಉಳಿದದ್ದು ಹೊಸ ಸಾಲಿನ ವೇಷದಲ್ಲಿ ಬರುತ್ತದೆ. ಕತ್ತರಿ ಅಕ್ಷರದ ನಡುವೆಯೇ ಬಿದ್ದರೆ ಕಪ್ಪು ಚೌಕದ ಪ್ರಶ್ನೆ ಚಿಹ್ನೆ ಬೇರೆ. "ಏನ್ ಸಾರ್, ನಮ್ಮ ಬರಹ ಎಲ್ಲಾ ತುಂಡು ತುಂಡಾಗಿದೆ" ಅಂತ ಫೋನ್ ಬಂತು. ಅರೇ 4096ಕ್ಕೆ ಏರಿಸಿದೆ, ಅದು ಸರಿಹೋಯಿತು. ಸಮಯ ಮಾತ್ರ ಒಂಬತ್ತರಲ್ಲೇ ನಿಂತಿತು.

ಇಲ್ಲಿ ನಾನು ದುಡ್ಡು ಕಳೆದುಕೊಂಡೆ. ಡಿಸ್ಕ್ ನಿಧಾನ ಅಂತ ನನಗೆ ನಾನೇ ತೀರ್ಮಾನ ಮಾಡಿ, 3,200 ಕೊಟ್ಟು ಎಸ್‌ಎಸ್‌ಡಿ ತಂದು ಹಾಕಿದೆ. ಉಳಿದದ್ದು ಎಂಟೇ ಸೆಕೆಂಡ್. ಒಂದೂಕಾಲು ಜಿಬಿ ಓದಲು ಹಳೆಯ ಡಿಸ್ಕಿಗೂ ಅಂಥ ಕಷ್ಟ ಏನಿರಲಿಲ್ಲ. ಆ ದುಡ್ಡು ಕೇಳಲು ನನಗೆ ಮುಖ ಇರಲಿಲ್ಲ, ನನ್ನ ಜೇಬಿಗೇ ಬಿತ್ತು.

ಆಮೇಲೆ ಬುದ್ಧಿ ಬಂದು, ಪ್ರೋಗ್ರಾಂ ಸಿಸ್ಟಂ ಅನ್ನು ಏನೇನು ಕೇಳುತ್ತದೆ ಅಂತ ತೋರಿಸುವ ಎಸ್‌ಟ್ರೇಸ್ ಹಾಕಿ ನೋಡಿದೆ. ಜಿಜಿಪ್ ಬಿಚ್ಚುವ ಜೀಕ್ಯಾಟ್‌ನಿಂದ ಪೈಪ್ (ಒಂದು ಪ್ರೋಗ್ರಾಂನಿಂದ ಇನ್ನೊಂದಕ್ಕೆ ಡೇಟಾ ಹರಿಸುವ ದಾರಿ) ಮೂಲಕ ಬರುವ ಡೇಟಾವನ್ನು ಜಿಲಿಬ್‌ಸಿ, ಅಂದರೆ ಲಿನಕ್ಸ್‌ನ ಸಿ ಲೈಬ್ರರಿ, 4096 ಬೈಟಿನಂತೆ ಎಳೆಯುತ್ತಿತ್ತು. 27 ಲಕ್ಷ ರೀಡ್! ಸೆಟ್‌ವಿಬಫ್ ಮೂಲಕ ದೊಡ್ಡ ಬಫರ್ ಕೊಟ್ಟೆ, ಸ್ವಲ್ಪ ಇಳಿಯಿತು. ಹೇಗೂ ಬಫರ್ ಕೊಡುವುದು ನಾನೇ, ಮತ್ತೆ ಅದರಿಂದ ನನ್ನ ಅರೇಗೆ ಕಾಪಿ ಯಾಕೆ ಅನ್ನಿಸಿತು. ಹಾಲು ಕ್ಯಾನಿನಲ್ಲೇ ಇರುವಾಗ ಅದನ್ನು ಚೊಂಬಿಗೆ ಸುರಿದು, ಚೊಂಬಿನಿಂದ ಲೋಟಕ್ಕೆ ಸುರಿದು ಅಳೆದ ಹಾಗೆ. ಅಲ್ಲೇ ಅಳೆಯಬಾರದಾ?

ಹಾಗೆ ಎಫ್‌ಗೆಟ್ಸ್ ಇರುವ ಸ್ಟ್ಯಾಂಡರ್ಡ್ ಐಓ ಬಿಟ್ಟು, ಸಿಸ್ಟಂನ ನೇರ ರೀಡ್‌ಗೆ ಇಳಿದೆ. ದೊಡ್ಡ ಬಫರ್ ತುಂಬು, ಬೈಟ್ ಹುಡುಕುವ ಮೆಮ್‌ಕ್ಯಾರ್‌ನಲ್ಲಿ ನ್ಯೂಲೈನ್ (ಸಾಲು ಮುಗಿದ ಗುರುತು) ಹುಡುಕು, ಸಾಲು ಎಲ್ಲಿದೆಯೋ ಅಲ್ಲೇ ಓದು. ತುದಿಯಲ್ಲಿ ಅರ್ಧ ಸಾಲು ಉಳಿದರೆ ಅದನ್ನು ಬಫರಿನ ಮೊದಲಿಗೆ ಸರಿಸಿ, ಅದರ ಹಿಂದೆಯೇ ಮತ್ತೆ ತುಂಬು. ಯುಟಿಎಫ್-8ರಲ್ಲಿ ಕನ್ನಡ ಅಕ್ಷರದ ಒಳಗೆ 10ರ ಬೈಟ್, ಅಂದರೆ ನ್ಯೂಲೈನ್, ಬರುವುದೇ ಇಲ್ಲ, ಹಾಗಾಗಿ ಬೈಟ್ ಹುಡುಕಾಟ ಧಾರಾಳವಾಗಿ ಮಾಡಬಹುದು.

ಮೊದಲ ಸಲ ಓಡಿಸಿದಾಗ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಎದ್ದು ಕುಣಿಯುವುದೊಂದು ಬಾಕಿ. ಗೆಳೆಯನಿಗೆ ಫೋನ್ ಮಾಡಿ ಹೇಳಿಯೂ ಬಿಟ್ಟೆ. ಆಮೇಲೆ ಔಟ್‌ಪುಟ್ ನೋಡಿದರೆ ಒಂದೇ ಸೊಸೈಟಿ ಇದೆ. 1 ಎಂಬಿ ಕೇಳಿದ್ದೆ, ಪೈಪ್‌ನಲ್ಲಿ ಇರುವುದೇ 64 ಕೆಬಿ. ಕೇಳಿದ್ದಕ್ಕಿಂತ ಕಡಿಮೆ ಬಂದರೆ ಫೈಲ್ ಮುಗೀತು ಅಂತ ನಾನು ಬರೆದಿದ್ದೆ. ಸೊನ್ನೆ ಬಂದರೆ ಮಾತ್ರ ಮುಗಿದಂತೆ. ಗೆಳೆಯ ಇನ್ನೂ ಈ ಕಥೆ ಬಿಟ್ಟಿಲ್ಲ.

ಅದನ್ನು ತಿದ್ದಿದೆ. ಆಮೇಲೆ ಬಂದದ್ದು ನಿಜವಾದ ಏಟು. 64 ಕೆಬಿ ಬಫರ್ ಇಟ್ಟರೆ 20 ನಿಮಿಷ. ಎಫ್‌ಗೆಟ್ಸ್‌ಗಿಂತ ಎರಡು ಪಟ್ಟು ನಿಧಾನ! ಬಫರ್ ದೊಡ್ಡದು ಮಾಡಿದರೆ ಸರಿಹೋಗಬಹುದು ಅಂತ ಸಣ್ಣ ಫೈಲ್ ಒಂದನ್ನು ಪೂರ್ತಿ ನುಂಗುವ 16 ಎಂಬಿ ಬಫರ್ ಕೊಟ್ಟೆ. ಎರಡು ಗಂಟೆ ಕಾದು ಕಂಟ್ರೋಲ್ ಸಿ ಒತ್ತಿದೆ. ಬಫರ್ ಬೆಳೆದಷ್ಟೂ ನಿಧಾನ ಆಗುತ್ತಿತ್ತು. ಇದು ಯಾವ ಪುಸ್ತಕದಲ್ಲೂ ಇಲ್ಲ ಅಂತ ನಾಲ್ಕು ದಿನ ತಲೆ ಕೆರೆದುಕೊಂಡೆ. ಕೆಲಸ ಬಿಟ್ಟು 22 ಸಾವಿರದ ಮುಂಗಡ ವಾಪಸ್ ಕೊಡೋಣ ಅಂತಲೂ ಯೋಚನೆ ಬಂತು.

ಸಮಯ ಎಲ್ಲಿ ಹೋಗುತ್ತದೆ ಅಂತ ತೋರಿಸುವ ಪರ್ಫ್ ಹಾಕಿದಾಗ ಕಳ್ಳ ಸಿಕ್ಕಿದ. ಸಮಯವೆಲ್ಲ ಸ್ಟ್ರಿಂಗ್‌ನ ಉದ್ದ ಅಳೆಯುವ ಸ್ಟ್ರ್‌ಲೆನ್‌ನಲ್ಲಿ ಹೋಗುತ್ತಿತ್ತು. ನಾನು ಎಲ್ಲೂ ಸ್ಟ್ರ್‌ಲೆನ್ ಕರೆದಿಲ್ಲ. ಕರೆಯುತ್ತಿದ್ದುದು ಎಸ್‌ಸ್ಕ್ಯಾನ್‌ಎಫ್. ಅದು ಕೆಲಸ ಶುರು ಮಾಡುವ ಮೊದಲು ಕೊಟ್ಟ ಸ್ಟ್ರಿಂಗ್‌ನ ಕೊನೆಯ ಸೊನ್ನೆ ಬೈಟ್ ಎಲ್ಲಿದೆ ಅಂತ ಹುಡುಕಿಕೊಂಡು ಹೋಗುತ್ತದೆ. ಎಫ್‌ಗೆಟ್ಸ್ ಪ್ರತಿ ಸಾಲಿಗೂ ಸೊನ್ನೆ ಇಟ್ಟುಕೊಡುತ್ತಿತ್ತು, ನನ್ನ ಬಫರ್‌ನಲ್ಲಿ ಸೊನ್ನೆ ಇದ್ದದ್ದು ಕಟ್ಟಕಡೆಗೆ. ತೊಂಬತ್ತು ಬೈಟಿನ ಸಾಲು ಓದಲು ಪ್ರತಿ ಸಲವೂ ಬಫರಿನ ಕೊನೆಯವರೆಗೆ ಕಾಶಿಯಾತ್ರೆ. 2021ರಲ್ಲಿ ಜಿಟಿಎ ಆನ್‌ಲೈನ್ ಆಟ ಲೋಡ್ ಆಗಲು ನಿಮಿಷಗಟ್ಟಲೆ ಹಿಡಿಯುತ್ತಿದ್ದುದರ ಗುಟ್ಟು ಬಯಲಾಯಿತಲ್ಲ, ಅಲ್ಲೂ 10 ಎಂಬಿ ಜೇಸನ್ ಡೇಟಾ ಮೇಲೆ ಇದೇ ಎಸ್‌ಸ್ಕ್ಯಾನ್‌ಎಫ್ ಇದೇ ಆಟ ಆಡುತ್ತಿತ್ತು. ಕಂಡುಹಿಡಿದವನಿಗೆ ಕಂಪನಿ 10 ಸಾವಿರ ಡಾಲರ್ ಕೊಟ್ಟಿತು. ನನಗೆ ಸಿಕ್ಕಿದ್ದು ತಲೆನೋವು.

ಮದ್ದು ಒಂದೇ ಸಾಲಿನದು. ಮೆಮ್‌ಕ್ಯಾರ್ ನ್ಯೂಲೈನ್ ತೋರಿಸಿದ ಜಾಗದಲ್ಲೇ ಸೊನ್ನೆ ಬರೆದುಬಿಡಿ. ಅಷ್ಟೇ! 20 ನಿಮಿಷ ಇದ್ದದ್ದು ಆರಕ್ಕೆ ಇಳಿಯಿತು. ಬಫರ್‌ಗೆ ಒಂದು ಬೈಟ್ ಹೆಚ್ಚಿಗೆ ಇಟ್ಟುಕೊಳ್ಳಿ, ಕೊನೆಯ ಸಾಲಿಗೆ ನ್ಯೂಲೈನ್ ಇಲ್ಲದಿದ್ದರೆ ಸೊನ್ನೆ ಬರೆಯಲು ಜಾಗ ಬೇಕಲ್ಲ. ನ್ಯೂಲೈನ್ ಹಿಂದೆ ವಿಂಡೋಸ್ ಸೇರಿಸುವ ಕ್ಯಾರೇಜ್ ರಿಟರ್ನ್ ಬೈಟ್ ಇದ್ದರೆ ಅದನ್ನೂ ಒರೆಸಿ.

ಅರ್ಧ ಸಾಲು ಸರಿಸುವಾಗ ಮೆಮ್‌ಕಾಪಿ ಬೇಡ, ಮೆಮ್‌ಮೂವ್ ಬಳಸಿ. ಹಳೆಯ ಜಾಗ, ಹೊಸ ಜಾಗ ಒಂದರ ಮೇಲೊಂದು ಬಂದರೆ ಮೆಮ್‌ಕಾಪಿ ಡೇಟಾ ಕೆಡಿಸಬಹುದು. "ನನ್ನ ಮಷಿನ್‌ನಲ್ಲಿ ನಡೀತಿದೆಯಲ್ಲ" ಅನ್ನುವವರು 2010ರ ಫೆಡೋರಾ 14 ಲಿನಕ್ಸ್ ನೆನಪಿಸಿಕೊಳ್ಳಿ. ಜಿಲಿಬ್‌ಸಿ ಮೆಮ್‌ಕಾಪಿಯ ದಿಕ್ಕು ಬದಲಿಸಿದ್ದೇ ತಡ, ಫ್ಲ್ಯಾಶ್ ಪ್ಲೇಯರ್‌ನ ಧ್ವನಿ ಕೆಟ್ಟುಹೋಗಿತ್ತು.

ಆರು ನಿಮಿಷ ಸಾಲದು, ಯುಪಿಎಸ್ ಐದೂ ನಿಲ್ಲಲ್ಲ. ಎಸ್‌ಸ್ಕ್ಯಾನ್‌ಎಫ್ ಕಿತ್ತು ಹಾಕಿ ಅಂಕಿಗಳನ್ನು ನಾನೇ ಓದಿದೆ. ದಶಮಾಂಶ ಹಿಡಿಯುವ ಫ್ಲೋಟ್ ಇಲ್ಲವೇ ಇಲ್ಲ. ಲೀಟರ್ ಹತ್ತು ಪಟ್ಟು, ದುಡ್ಡು ಪೈಸೆಯಲ್ಲಿ, ಎಲ್ಲ 64 ಬಿಟ್ ಪೂರ್ಣಾಂಕ. ಫ್ಲೋಟ್‌ನಲ್ಲಿ ಕೂಡುತ್ತಾ ಹೋದರೆ 1,67,77,216 ಮುಟ್ಟಿದ ಮೇಲೆ ಒಂದು ಸೇರಿಸಿದರೂ ಮೊತ್ತ ಅಲ್ಲಾಡಲ್ಲ, ಸುಮ್ನೆ ಕೂತಿರುತ್ತದೆ. ಇದರಲ್ಲೂ ಒಮ್ಮೆ ಎಡವಿದೆ. ಚುಕ್ಕಿ ಬಿಟ್ಟು ಅಂಕಿ ಮಾತ್ರ ಸೇರಿಸಿದರೆ 6.4 ಲೀಟರ್ 64 ಆಗುತ್ತದೆ, ಸರಿ. ಕೆಲವು ಮಷಿನ್ 6.0 ಬದಲು ಬರೀ 6 ಅಂತ ಬರೆಯುತ್ತವೆ. ಪಾಪ, ಒಬ್ಬರ ಆರು ಲೀಟರ್ ಹಾಲು ಅರ್ಧ ಲೀಟರ್ ಚಿಲ್ಲರೆ ಆಗಿಹೋಯಿತು. ಬಿಲ್ ಹೋಗುವ ಮೊದಲೇ ಕಣ್ಣಿಗೆ ಬಿತ್ತು, ಬಚಾವಾದೆ.

ಇದಾದ ಮೇಲೆ ಎರಡೂವರೆ ನಿಮಿಷ. ಜೀಕ್ಯಾಟ್ ಒಂದನ್ನೇ ಓಡಿಸಿ ಔಟ್‌ಪುಟ್ ಎಸೆದರೂ ಎರಡು ನಿಮಿಷ ಬೇಕು. ಅಂದರೆ ಒಂದು ಕೋರ್‌ನಲ್ಲಿ ಅದು ಬಿಚ್ಚುತ್ತಿರುವಾಗ ಇನ್ನೊಂದರಲ್ಲಿ ನನ್ನದು ಹೆಚ್ಚುಕಡಿಮೆ ಬಿಟ್ಟಿಯಾಗಿ ಓಡುತ್ತಿದೆ. ಸದಸ್ಯರ ನಂಬರ್‌ನಿಂದ ಅವರ ಖಾತೆಗೆ ಹೇಗೆ ಹಾರುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯಲ್ಲ, ಅದು ನನ್ನ ಹೊಟ್ಟೆಪಾಡು. ತಾರೀಖು ಓದುವುದರಲ್ಲೂ ಒಂದು ಕೈಚಳಕ ಇದೆ, ಅದೂ ಇರಲಿ.

ಗೆಟ್‌ಲೈನ್ ಕೂಡ ಹಾಕಿ ನೋಡಿದೆ, ಗೆಳೆಯನ ಮಾತಿಗೆ ಬೆಲೆ ಕೊಟ್ಟು. ನನ್ನದೇ ಅಂಕಿ ಓದುವ ಕೋಡ್ ಜೊತೆ ಅದು ಮೂರು ನಿಮಿಷದ ಆಸುಪಾಸು ಬಂತು. ಕೆಟ್ಟದ್ದೇನಲ್ಲ, ಒಪ್ಪುತ್ತೇನೆ. ಆದರೆ ಅವನಿಗೆ ಇದನ್ನು ಹೇಳಿಲ್ಲ. ಫೈಲನ್ನೇ ಮೆಮೊರಿಯ ಹಾಗೆ ತೋರಿಸುವ ಎಂಮ್ಯಾಪ್ ಪೈಪ್ ಮೇಲೆ ನಡೆಯಲ್ಲ, ಬಿಚ್ಚಿದ ಫೈಲ್ ಮೇಲೆ ಮನೆಯಲ್ಲಿ ನೋಡಿದೆ, ಹೇಳಿಕೊಳ್ಳುವ ಲಾಭ ಇಲ್ಲ. ಪೈಪಿನ ಗಾತ್ರವನ್ನೇ 1 ಎಂಬಿಗೆ ಏರಿಸಿದರೆ ಉಳಿದದ್ದು ಮೂರ್ನಾಲ್ಕು ಸೆಕೆಂಡ್. ಕೊನೆಗೆ ಬಫರ್ 256 ಕೆಬಿಗೆ ನಿಲ್ಲಿಸಿದೆ. ಒಂದೇ ಸಾಲು ಅದನ್ನೂ ಮೀರಿದರೆ ಬಫರ್ ದೊಡ್ಡದು ಮಾಡಲ್ಲ, ಫೈಲ್ ಕೆಟ್ಟಿದೆ ಅಂತ ಬೈದು ನಿಲ್ಲುತ್ತದೆ.

ಎಲ್ಲ ಮುಗೀತು ಅಂದಾಗ ಒಂದು ಸಾಲು ಕಾಣೆ. ಒಂದು ಸೊಸೈಟಿಯಲ್ಲಿ ಬರೆಯುತ್ತಿರುವಾಗಲೇ ಕರೆಂಟ್ ಹೋಗಿ, ಫೈಲಿನ ಕೊನೆಗೆ ನ್ಯೂಲೈನ್ ಬಿದ್ದಿರಲಿಲ್ಲ. ಜೀಕ್ಯಾಟ್ ಫೈಲ್‌ಗಳನ್ನು ಒಂದರ ಹಿಂದೆ ಒಂದು ಜೋಡಿಸುತ್ತದೆ, ನಡುವೆ ಏನೂ ಇಡಲ್ಲ. ಆ ಊರಿನ ಕೊನೆಯವರ ಹಾಲಿಗೆ ಮುಂದಿನ ಊರಿನ ಮೊದಲಿಗರು ಅಂಟಿಕೊಂಡರು. ಇದಕ್ಕೆ ಸಿ ಕೋಡ್ ಮುಟ್ಟಲೇ ಇಲ್ಲ. ಶೆಲ್ ಸ್ಕ್ರಿಪ್ಟ್‌ನಲ್ಲಿ ಪ್ರತಿ ಫೈಲ್ ಆದ ಮೇಲೆ ನ್ಯೂಲೈನ್ ಬರೆಯುವ ಒಂದು ಎಕೋ ಹಾಕಿದೆ, ಖಾಲಿ ಸಾಲು ಬಂದರೆ ನನ್ನ ಪ್ರೋಗ್ರಾಂ ಬಿಟ್ಟು ಮುಂದೆ ಹೋಗುತ್ತದೆ.

ಒಂದು ವಾರ ಅಂದದ್ದು ಐದು ವಾರ ಆಯಿತು. 22 ಸಾವಿರದಲ್ಲಿ ಎಸ್‌ಎಸ್‌ಡಿ, ಓಡಾಟದ ಪೆಟ್ರೋಲ್ ಕಳೆದರೆ ಕೈಗೆ ಬಂದದ್ದು 17 ಚಿಲ್ಲರೆ. ಆದರೆ ಇದೇ ಕೋಡ್ ಹಿಡಿದು ಇನ್ನೆರಡು ಕಡೆ ಕೆಲಸ ಸಿಕ್ಕಿದೆ, ಅಲ್ಲಿ ರೇಟು 40 ಸಾವಿರ. ಗೆಳೆಯನೂ ಮೊನ್ನೆ ಮೆಲ್ಲಗೆ ಕೇಳಿದ, "ಆ ಬಫರ್ ಫೈಲ್ ಒಂದ್ಸಲ ಕಳಿಸ್ತೀಯಾ?"

ಹಾಂ, ಹೋದ ತಿಂಗಳು ಅವರು ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಿದ್ದಾರೆ. ಈಗ 40 ನಿಮಿಷ ನಿಲ್ಲುತ್ತದಂತೆ.