ವಡೆ, ಕಾಗೆ ಮತ್ತು ನನ್ನ ಕಿರುಚಿತ್ರ

ಗುರುತು ಪರಿಚಯ ಇಲ್ಲದವರ ಅಂತ್ಯಸಂಸ್ಕಾರಕ್ಕೆ ಹೋಗುವ ಇಬ್ಬರು ಅಲ್ಲೇ ಭೇಟಿಯಾಗುತ್ತಾರೆ. ಹೆರಾಲ್ಡ್ ಇನ್ನೂ ಹುಡುಗ, ಮಾಡ್ ಎಂಬಾಕೆಗೆ 79. ಇದು ನಿರ್ದೇಶಕ ಹಾಲ್ ಆಶ್ಬಿ 1971ರಲ್ಲಿ ಮಾಡಿದ 'ಹೆರಾಲ್ಡ್ ಅಂಡ್ ಮಾಡ್' ಸಿನಿಮಾದ ಕಥೆ. ಅದು ಆಗ ಅಮೆರಿಕದಲ್ಲಿ ಓಡಲೇ ಇಲ್ಲ. ನನ್ನ ಕಿರುಚಿತ್ರಕ್ಕೆ ಬೀಜ ಸಿಕ್ಕಿದ್ದು ಅಲ್ಲಿಂದಲೇ.

ನಮ್ಮ ಕಡೆ ಮದುವೆಗೆ ಹೋದರೆ 'ಯಾರ ಕಡೆಯವರು?' ಅಂತ ಕೇಳುತ್ತಾರೆ. ವೈಕುಂಠ ಸಮಾರಾಧನೆಯಲ್ಲಿ ಅಷ್ಟಾಗಿ ಯಾರೂ ಕೇಳುವುದಿಲ್ಲ, ಎಲೆ ಹಾಕಿ ಬಡಿಸುತ್ತಾರೆ. ಒಂಟಿ ಮನುಷ್ಯನಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕಾ? ನನ್ನ ನಾಯಕ ಊಟಕ್ಕಿಂತ ಜಾಸ್ತಿ ಪಕ್ಕದ ಎಲೆಯವರ ಮಾತಿಗಾಗಿ ಹೋಗುತ್ತಾನೆ. ಅಲ್ಲಿ ಒಬ್ಬ ಅಜ್ಜಿ, "ಇನ್ನೊಂದು ವಡೆ ಹಾಕಪ್ಪಾ, ಮಗನಿಗೆ" ಅಂತ ಕೇಳಿ ಡಬ್ಬಿಗೆ ಹಾಕಿಕೊಳ್ಳುತ್ತಾರೆ. ನೋಡದ ಮಗನ ಮೇಲೆ ಇವನಿಗೆ ಹೊಟ್ಟೆಕಿಚ್ಚು. ಪ್ರೇಕ್ಷಕರು ನಗುವುದು ಇಲ್ಲಿ.

ಮುಂದಿನ ದೃಶ್ಯದಲ್ಲಿ ಅಜ್ಜಿ ಆ ವಡೆಯನ್ನು ತಾರಸಿಯ ಗೋಡೆ ಮೇಲೆ ಇಡುತ್ತಾರೆ. ಕಾಗೆ ಬಂದು ಎತ್ತಿಕೊಂಡು ಹೋಗುತ್ತದೆ. ಅಷ್ಟೇ. ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಈ ಧೈರ್ಯ ಆಶ್ಬಿಯಿಂದ ಬಂತು. ಅವರ ಚಿತ್ರದಲ್ಲಿ ಮಾಡ್ ತೋಳಿನ ಮೇಲೆ ನಾಜಿಗಳ ಯಾತನಾ ಶಿಬಿರದಲ್ಲಿ ಕೈದಿಗಳಿಗೆ ಹಾಕುತ್ತಿದ್ದ ಸಂಖ್ಯೆ ಹಚ್ಚೆಯಾಗಿದೆ. ಅದು ಕಣ್ಣಿಗೆ ಬೀಳುವುದು ಒಂದೇ ಕ್ಷಣ. ಆಕೆಯ ಬಾಯಲ್ಲಿ ಹಕ್ಕಿಗಳ ಮಾತು, ಹಚ್ಚೆಯ ಸುದ್ದಿಯೇ ಇಲ್ಲ. ಆಶ್ಬಿ ಮೊದಲು ಸಂಕಲನಕಾರ, ಅದಕ್ಕೆ ಆಸ್ಕರ್ ಪಡೆದವರು. ಎಲ್ಲಿ ಕತ್ತರಿಸಬೇಕು ಅನ್ನುವುದು ಅವರ ಕೈಗೆ ಗೊತ್ತಿತ್ತು.

ಕಾಗೆಗೆ ಹೊಸ ವಸ್ತು ಕಂಡರೆ ಅನುಮಾನ. ಅದಕ್ಕೆ ಹಿಂದಿನ ದಿನವೇ ಖಾಲಿ ಟ್ರೈಪಾಡನ್ನು ತಾರಸಿಯಲ್ಲಿ ನಿಲ್ಲಿಸಿದೆವು. ಬೆಳಿಗ್ಗೆ ಕ್ಯಾಮೆರಾ ಕೂರಿಸಿ ಎಲ್ಲರೂ ಮೆಟ್ಟಿಲಿಗೆ ಸರಿದೆವು. ಅಜ್ಜಿಯ ಪಾತ್ರ ಮಾಡಿದ ರಂಗಭೂಮಿ ಕಲಾವಿದೆಗೆ ನಾನು ಹೇಳಿದ್ದು ಇಷ್ಟೇ: "ಅಮ್ಮಾ, ಅಳಬೇಡಿ. ದಿನಾ ಬಟ್ಟೆ ಒಣಗಿಸಿದಷ್ಟು ಸಲೀಸಾಗಿ ವಡೆ ಇಟ್ಟು ಬನ್ನಿ."

ಹಿನ್ನೆಲೆ ಸಂಗೀತ ಎಲ್ಲೂ ಹಾಕಲಿಲ್ಲ. ತಮಾಷೆಗೆ ಒಂದು ರಾಗ, ದುಃಖಕ್ಕೆ ಇನ್ನೊಂದು ಅಂತ ಹಾಕಿದರೆ ನೋಡುವವರಿಗೆ ನಾವೇ ಸನ್ನೆ ಮಾಡಿದ ಹಾಗೆ. ಬದಲಿಗೆ ಪಂಕ್ತಿಯ ಸದ್ದನ್ನೇ ಬೇರೆಯಾಗಿ ರೆಕಾರ್ಡ್ ಮಾಡಿಕೊಂಡೆವು: ಬಕೆಟ್‌ಗೆ ಸೌಟು ತಗಲುವುದು, "ಸಾರು, ಸಾರು" ಅನ್ನುವ ಕೂಗು. ತಾರಸಿಯ ದೃಶ್ಯ ಶುರುವಾದ ಮೇಲೂ ಆ ಕೂಗು ಸ್ವಲ್ಪ ಹೊತ್ತು ಕೇಳುತ್ತದೆ. ಹಾಗಾಗಿ ಅಜ್ಜಿ ವಡೆ ಇಡುವಾಗ ಜನ ಇನ್ನೂ ನಗುತ್ತಲೇ ಇರುತ್ತಾರೆ.